ನಿನ್ನ ಕುರಿದೊಗಲಿನ ಹೊದಿಕೆ

ಅವ್ವಾ,

ಇವತ್ತು ಕೇಪ್ ಪಟ್ಟಣದಿಂದ ಬಂದ ಬಿಳಿ ಪ್ರವಾಸಿಯೊಬ್ಬ ನಮ್ಮ ಚಾಪೆಮನೆಯ ಮುಂದೆ ಅಜ್ಜಿಯ ಚಿತ್ರ ಬರೆದ. ಅವಳ ಹತ್ತಿಯ ಅಂಗಿ ಅವನಿಗೆ ಹಿಡಿಸಲಿಲ್ಲ.

"ಖೋಯ್‌ಖೋಯ್ ಕುಲದೋರು ಅಂದ್ಮೇಲೆ ತೊಗಲು ಹೊದ್ಕೋಬೇಕು!"

"ಹಂಗಾದ್ರೆ ನೀನೂ ನಿಮ್ಮಜ್ಜನ ಅಂಗಿ ಹಾಕ್ಕೊಂಡು ಬಾರಪ್ಪ," ಎಂದು ಅಜ್ಜಿ ನಕ್ಕಳು.

ಅವನು ತಾನೇ ಒಳಗೆ ನುಗ್ಗಿ, ನನ್ನ ಹಾಸಿಗೆಯಡಿಯಿಂದ ನಿನ್ನ ಹೊದಿಕೆ ಎಳೆದು ತಂದ. ಅಜ್ಜಿಯ ನಗು ನಿಂತಿತು. ನಮ್ಮಲ್ಲಿ ಸತ್ತವರನ್ನು ಅವರವರ ಹೊದಿಕೆಯಲ್ಲೇ ಸುತ್ತಿ ಮಣ್ಣು ಮಾಡಬೇಕು. ನಿನ್ನನ್ನು ಹಾಗೆಯೇ ಸುತ್ತಿದೆನೆಂದು, ಅಂದು ಜ್ವರದಲ್ಲಿ ಮಲಗಿದ್ದ ಅವಳಿಗೆ ನಾನು ಹೇಳಿದ್ದೆ.

ಚಿತ್ರ ಮುಗಿಯುವವರೆಗೂ ಅಜ್ಜಿ ಅದನ್ನು ಹೊದ್ದು, ನನ್ನನ್ನೇ ನೋಡುತ್ತ ಕೂತಿದ್ದಳು. ಅವನು ಹೋದ ಮೇಲೆ ಅದನ್ನು ನನ್ನ ಮೇಲೆ ಎಸೆದಳು.

"ಮೂರು ಚಳಿಗಾಲ ಬರೀ ಬಟ್ಟೇಲಿ ಮಲಗವ್ಳಲ್ಲೇ ಅವಳು! ತಗೊಂಡು ಬಾ."

ಅಜ್ಜಿ ಈಗ ನಿನ್ನ ಗೋರಿಯ ಕಲ್ಲುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಾಳೆ. ಹೊದಿಕೆ ಇನ್ನೂ ಪಕ್ಕದಲ್ಲಿ ಕೂತ ನನ್ನ ತೊಡೆಯ ಮೇಲಿದೆ.