ಹೊಸ ಮಂಡಿಗೆ ಹೊಲಿದ ಜೋಡು

ಅಂಗಡಿಯ ಹಿಂದಿನ ಕೋಣೆ,
ಸೋಮವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸುಟ್ಟುಕೊಂಡಿದ್ದ ಕೈ ಮಾಯಿತೇ? ಹಡಗಿನಲ್ಲಿ ಊರಿಗೆಲ್ಲ ಬೇಯಿಸಿ ಹಾಕುವವಳು ತಾನು ಹೊತ್ತಿಗೆ ಸರಿಯಾಗಿ ತಿನ್ನುವುದಿಲ್ಲ ಎಂದು ನನಗೆ ಗೊತ್ತು, ಸುಳ್ಳು ಬರೆಯಬೇಡ. ನಡುನೀರಿನಲ್ಲಿ ನಿನಗೆ ಫೋನ್ ಸಿಗುವುದಿಲ್ಲವಾದ್ದರಿಂದ ಮುಂದಿನ ಬಂದರಿಗೆ ಈ ಕಾಗದ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನೂ ಚೆನ್ನಾಗಿದ್ದಾರೆ, ಹಾಗಂತ ಅವರೇ ಹೇಳುತ್ತಾರೆ.

ಬರುವ ಶುಕ್ರವಾರ ಅವರ ಎಡಮಂಡಿ ಬದಲಿಸುವ ಆಪರೇಷನ್. ಒಮ್ಮೆ ಸಕ್ಕರೆ ಏರಿದೆಯೆಂದು, ಇನ್ನೊಮ್ಮೆ ಹುಳುಕು ಹಲ್ಲಿದೆಯೆಂದು ಮುಂದಕ್ಕೆ ಹೋಗಿದ್ದು ಈಗ ನಿಕ್ಕಿಯಾಗಿದೆ. ಕಾಲು ಜಾರೀತೆಂದು ಕಾಲೊರಸುಗಳನ್ನೆಲ್ಲ ಎತ್ತಿಟ್ಟಿದ್ದೇನೆ. ಕಕ್ಕಸಿಗೆ ಎತ್ತರದ ಕುರ್ಚಿ ಬಂತು. ನಿಮ್ಮಪ್ಪ ಬಟ್ಟೆ ಸಮೇತ ಅದರ ಮೇಲೆ ಕೂತು, ಪಟ್ಟಾಭಿಷೇಕವಾದವರಂತೆ ಗಂಭೀರವಾಗಿ ಕಾಫಿ ತರಲು ಆಜ್ಞೆ ಮಾಡಿದರು. ವಾಕರ್‌ಗೆ ಸದ್ಯ ಟವೆಲ್ ಒಣಗಿಸುವ ನೌಕರಿ. ಇಷ್ಟು ವರ್ಷ ಸೊಟ್ಟ ಕಾಲಿಗೆಂದು ತಮ್ಮ ಎಡಜೋಡಿನ ಅಟ್ಟೆಯನ್ನು ಒಂದು ಪದರ ದಪ್ಪ ಮಾಡಿಕೊಳ್ಳುತ್ತಿದ್ದರಲ್ಲ, ಈಗ ಎರಡೂ ಅಟ್ಟೆ ಸಮ ಇರುವ ಹೊಸ ಜೋಡು ಹೊಲಿದು ಬಾಗಿಲ ಬಳಿ ಇಟ್ಟಿದ್ದಾರೆ. "ಇದನ್ನ ಹಾಕ್ಕೊಂಡು ನಿನ್ನ ಪಕ್ಕ ನೆಟ್ಟಗೆ ನಡೀತೀನಿ ಕಣೇ. ಇವಳ ಜೊತೆ ಯಾರಪ್ಪ ಈ ಹೊಸಬ ಅಂತ ಬೀದಿಯೋರು ಕೇಳ್ಬೇಕು" ಅಂತಾರೆ. ನಾಚಿಕೆ ಅನ್ನೋದು ಆ ಮನುಷ್ಯನ ಹತ್ತಿರ ಯಾವತ್ತೂ ಸುಳಿದಿಲ್ಲ.

ಮಂಡಿ ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದ್ದರು: "ಯಜಮಾನ್ರೇ, ಮೈಮೇಲೆ ಎಲ್ಲೇ ಗಾಯ, ಕುರು ಇದ್ರೂ ಮುಚ್ಚಿಡಬೇಡಿ. ಆ ಕೀವು ಹೋಗಿ ಹೊಸ ಮಂಡೀಲಿ ಕೂತ್ರೆ ಮಂಡಿ ಕಿತ್ತು ಹಾಕ್ಬೇಕಾಗುತ್ತೆ, ಕಾಲೂ ಹೋಗಬಹುದು." ನಿಮ್ಮಪ್ಪ ಜಾಣ ಮಗುವಿನಂತೆ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ಅವರಿಗೆ ಹೊಸ ಚಿಂತೆ ಹತ್ತಿತು. ಜೋಡು ಹೊಲಿಯುವವನ ಹಿಮ್ಮಡಿ ಹೀಗೆ ಒಡೆದಿದ್ದರೆ ಡಾಕ್ಟರಮ್ಮ ಏನಂದುಕೊಂಡಾರು? ಸರಿ, ತೊಗಲು ಕೊಯ್ಯುವ ರಂಪಿಗೆ ತೆಗೆದುಕೊಂಡು ಎಡ ಹಿಮ್ಮಡಿಯ ಅಂಚು ಹೆರೆದರು. ಅಲಗು ಒಳಕ್ಕೇ ಇಳಿಯಿತು. ಬೇರೆಯವರಾದರೆ ಬಟ್ಟೆ ಕಟ್ಟಿಕೊಂಡು ಆಸ್ಪತ್ರೆಗೆ ಓಡುತ್ತಿದ್ದರು. ಇವರು ಅಟ್ಟೆಗೆ ಹಚ್ಚುವ ಅಂಟನ್ನೇ ಗಾಯಕ್ಕೆ ಸವರಿ, ಒತ್ತಿ ಹಿಡಿದು, ಒಣಗಿದ ಮೇಲೆ ಸ್ಯಾಂಡ್‌ಪೇಪರ್ ಆಡಿಸಿದರು! ನಾನು ನೋಡಿ ಬಾಯಿ ಬಾಯಿ ಬಡಿದುಕೊಂಡರೆ, "ಜೋಡಣೆ ಎಲ್ಲಿದೆ ಹುಡುಕು ನೋಡೋಣ" ಎಂದು ಜಂಬ ಬೇರೆ.

ಡಾಕ್ಟರಮ್ಮನಿಗೆ ಹೇಳೋಣ ಅಂದೆ. ಜಂಬ ಇಳಿಯಿತು. "ಹೇಳಿದ್ರೆ ಮತ್ತೆ ಮುಂದಕ್ಕೆ ಹಾಕ್ತಾರೆ. ನಾನು ಈ ಸೊಟ್ಟ ಕಾಲಲ್ಲೇ ಸಾಯ್ಬೇಕಾ? ನನ್ನಾಣೆ, ಬಾಯಿ ಬಿಡ್ಬೇಡ" ಎಂದರು. ನೋವಿದೆಯಾ ಅಂದರೆ, "ಒಂಚೂರೂ ಇಲ್ಲ." ಆ ಮಾತು ಕೇಳಿ ಸಮಾಧಾನವಾಗಿ ಸುಮ್ಮನಾದೆ. ಅಷ್ಟು ಆಳದ ಗಾಯ ನೋಯುವುದೇ ಇಲ್ಲ ಅನ್ನುವುದು ಈಗೀಗ ಸಮಾಧಾನ ಕೊಡುತ್ತಿಲ್ಲ.

ಈ ಸೆಕೆಯಲ್ಲಿ ಮನೆಯೊಳಗೂ ಕಾಲುಚೀಲ ಹಾಕಿಕೊಂಡೇ ಓಡಾಡುತ್ತಾರೆ, ಮೇಲೆ ಶಾಲು. ಕೇಳಿದರೆ, ದೊಡ್ಡಮನುಷ್ಯರು ಹೀಗೇ ಇರೋದು ಅನ್ನುತ್ತಾರೆ. ನಿನ್ನೆಯಿಂದ ಮನೆಯಲ್ಲಿ ಒಂದು ಕೆಟ್ಟ ವಾಸನೆ. ನಮ್ಮ ಮನೆಗೆ ವಾಸನೆ ಹೊಸದೇನಲ್ಲ ಬಿಡು. ತೊಗಲು, ಅಂಟು, ಪಾಲಿಶ್ ಮೂಸಿಯೇ ನೀನು ಇಷ್ಟುದ್ದ ಬೆಳೆದದ್ದು. "ತೊಟ್ಟೀಲಿ ತೊಗಲು ಹೆಚ್ಚು ನೆನೆದಿದೆ, ಅದಕ್ಕೇ" ಅಂದರು. ಇರಬಹುದು. ಇವತ್ತು ತೊಟ್ಟಿ ಚೆಲ್ಲಿ ತೊಳೆಯುತ್ತೇನೆ.

ಒಲೆಯ ಮುಂದೆ ಜೋಪಾನ. ನಿದ್ದೆಗೆಡಬೇಡ. ನೂರು ಕಾಲ ಬಾಳು, ನನ್ನ ಕಂದಾ. ನಿಮ್ಮಪ್ಪನ ಆಶೀರ್ವಾದವೂ ಇದರಲ್ಲೇ ಸೇರಿದೆ, ಅವರು ಮಲಗಿದ್ದಾರೆ.

ನಿನ್ನ
ಅಮ್ಮ

ತಾ.ಕ.: ತೊಟ್ಟಿ ಚೆಲ್ಲಿ, ಉಜ್ಜಿ, ಬಿಸಿಲಿಗೆ ಬೋರಲು ಹಾಕಿ ಬಂದೆ. ವಾಸನೆ ಹೋಗಲಿಲ್ಲ. ಮಲಗಿದ್ದವರ ಕಾಲುಚೀಲ ಬಿಚ್ಚಿದೆ. ಅಂಟು ಬಿಟ್ಟಿದೆ, ಹಿಮ್ಮಡಿ ಕಪ್ಪಾಗಿದೆ, ಕೆಂಪು ಗೆರೆಯೊಂದು ಮಂಡಿಯ ಕಡೆ ಹತ್ತಿದೆ. ಗಾಯದ ಪಕ್ಕದಲ್ಲೇ ಬೆರಳಿನಿಂದ ಒತ್ತಿದರೂ ಅವರಿಗೆ ಎಚ್ಚರವಾಗಲಿಲ್ಲ. ಆಣೆ ಮುರಿದೆ ಮಗಳೇ, ಡಾಕ್ಟರಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತಕ್ಷಣ ಕರೆತನ್ನಿ ಅಂದರು. ಮಂಡಿಯ ಮಾತೇ ಎತ್ತಲಿಲ್ಲ. ಈ ಕಾಗದ ಸಿಕ್ಕ ಕೂಡಲೇ ಹಡಗು ಇಳಿದು ಬಾ. ಗಾಡಿ ಬಂದು ನಿಂತಿದೆ. ನಿಮ್ಮಪ್ಪ ಎದ್ದು ಹೊಸ ಜೋಡೇ ಬೇಕೆಂದು ಹಟ ಮಾಡಿದರು. ಬಲಗಾಲಿಗೆ ಹಾಕಿದೆ. ಎಡಗಾಲು ಊದಿ ಒಳಗೆ ಹೋಗಲಿಲ್ಲ, ಎಡಜೋಡು ನನ್ನ ಕಂಕುಳಲ್ಲಿದೆ.