ಗುಂಡಮ್ಮನ ಹಾಲಿಗೆ ಬೆರೆಸಿದ್ದು

ಮುದ್ರಣಾಲಯದ ಮೇಲಿನ ಕೋಣೆ
ಮಾರ್ಚ್ ೮, ಭಾನುವಾರ

ಪ್ರೀತಿಯ ಅಕ್ಕಾ,

ಗುಂಡಮ್ಮ ವಾಂತಿ ಮಾಡಿಕೊಂಡಿದ್ದು ಹೊಸ ಔಷಧಿಯಿಂದಲ್ಲ. ನಿನಗೆ ಹೇಳದೆ ನಾನು ಮಗುವಿನ ಹಾಲಿಗೆ ಕ್ಯಾಲ್ಸಿಯಂ ಮಾತ್ರೆ ಪುಡಿಮಾಡಿ ಹಾಕುತ್ತಿದ್ದೆ. ಈಗ ಹೇಗಿದ್ದಾಳೆ? ಹಾಲು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ನಿನ್ನ ಸೊಂಟನೋವು? ಅವಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಬೇಡ ಎನ್ನುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತಿದ್ದೇನೆ.

ಡಾಕ್ಟರು ಅವತ್ತು ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ನರದ ತುದಿಯಲ್ಲಿ ಸಂದೇಶದ ರಸ ತುಂಬಿದ ಪುಟ್ಟ ಪುಟ್ಟ ಚೀಲಗಳಿವೆ. ಕ್ಯಾಲ್ಸಿಯಂ ಒಳಗೆ ಬಂದದ್ದನ್ನು ಚೀಲದ ಮೇಲಿರುವ ಒಂದು ಪ್ರೋಟೀನು ಗುರುತಿಸಿದರೆ ಮಾತ್ರ ಚೀಲ ಬಾಯಿ ಬಿಡುತ್ತದೆ, ಮುಂದಿನ ನರಕ್ಕೆ ಸುದ್ದಿ ಮುಟ್ಟುತ್ತದೆ. ಗುಂಡಮ್ಮನಲ್ಲಿ ಆ ಪ್ರೋಟೀನು ಹುಟ್ಟಿನಿಂದಲೇ ಕೊಂಚ ಸೊಟ್ಟ. ಕ್ಯಾಲ್ಸಿಯಂ ಬಂದರೂ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. "ಕ್ಯಾಲ್ಸಿಯಂಗೇನೂ ಕೊರತೆ ಇಲ್ಲಮ್ಮ" ಎಂದು ಒತ್ತಿ ಹೇಳಿಯೇ ಅವರು ಆ ಹೊಸ ಔಷಧಿ ಬರೆದರು. ನನ್ನ ತಲೆಗೆ ಹೊಕ್ಕದ್ದೇ ಬೇರೆ. ಕಿವುಡರ ಮನೆ ಬಾಗಿಲನ್ನು ಇನ್ನಷ್ಟು ಜೋರಾಗಿ ಬಡಿದರಾಯಿತು, ಅಗ್ಗದ ಸುಣ್ಣದಲ್ಲಿ ಮುಗಿಯುವ ಕೆಲಸಕ್ಕೆ ಇವರು ಕಂಪನಿಯ ದುಬಾರಿ ಸರಕು ಬರೆಯುತ್ತಿದ್ದಾರೆ ಎಂದುಕೊಂಡೆ. ಜನರ ಆರೋಗ್ಯ ಜನರ ಕೈಗೆ ಎಂದು ನಾನೇ ಅಚ್ಚು ಹಾಕಿ ಹಂಚುವ ಕರಪತ್ರಗಳು ಬೆನ್ನು ತಟ್ಟಿದವು. ನಿನಗೆ ರಾತ್ರಿಪಾಳಿ ಬಿದ್ದು ಮಗಳನ್ನು ನನ್ನ ಬಳಿ ಬಿಟ್ಟಾಗ ದಿನಾ ಹಾಲಿಗೆ ಬೆರೆಸಿದೆ. ಕಂಡ ಕಂಡ ಕರಪತ್ರವನ್ನೆಲ್ಲ ಓದುವವನು ಮಾತ್ರೆ ಡಬ್ಬಿಯೊಳಗಿನ ಚೀಟಿ ಓದಿದ್ದು ನಿನ್ನೆ. ಹೆಚ್ಚಾದರೆ ವಾಂತಿ, ಮಂಪರು, ಮಲಬದ್ಧತೆ. ಮೂರೂ ಅವಳಿಗೆ ಆಗಿದ್ದವು.

ಇದಕ್ಕಿಂತ ಹೊಲಸು ಕೆಲಸ ಇನ್ನೊಂದಿದೆ. ಡಾಕ್ಟರು ತಮ್ಮ ಔಷಧಿಯನ್ನೇ ಅನುಮಾನಿಸಿ ನಿಲ್ಲಿಸಿದರೆಂದು ನೀನು ಫೋನ್ ಮಾಡಿದಾಗ, ಈ ಕಂಪನಿ ಔಷಧಿ ಬೇಡವೆಂದು ನಾನು ಮೊದಲೇ ಹೇಳಿರಲಿಲ್ಲವೇ ಎಂದು ನಿನಗೆ ಭಾಷಣ ಬಿಗಿದೆ. ನೀನು ಜಗಳಕ್ಕೆ ಬರಲಿಲ್ಲ. "ಅದು ಕೊಟ್ಮೇಲೆ ಚಮಚ ಹಿಡ್ಕೊಳ್ತಿದ್ಲು ಕಣೋ. ಈಗ ಮತ್ತೆ ಬಿಟ್ಬಿಡ್ತಾಳೆ" ಎಂದಷ್ಟೇ ಹೇಳಿದೆ. ಅವಳ ಕೈಯಿಂದ ಚಮಚ ಕಿತ್ತುಕೊಂಡವನು ನಾನು. ನಿನ್ನೆ ಎಲ್ಲ ಹೇಳಿಬಿಡೋಣವೆಂದು ಫೋನ್ ಮಾಡಿದವನು, ನಿನ್ನ ದನಿ ಕೇಳುತ್ತಲೇ ಅಲ್ಲಿ ಸೆಕೆ ಹೇಗಿದೆ ಎಂದು ವಿಚಾರಿಸಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಭಾವನಿಗೆ ಮೊದಲು ಇದನ್ನು ಓದಿ ಹೇಳು, ನಮಸ್ಕಾರ ಆಮೇಲೆ. ಗುಂಡಮ್ಮನ ಕೆನ್ನೆಗೊಂದು ಮುತ್ತು. ಯಾರು ಕೊಟ್ಟರೆಂದು ಹೇಳಬೇಡ.

ನಿನ್ನ ತಮ್ಮ

ಮತ್ತೆ: ಔಷಧಿಯನ್ನು ನೀನಾಗಿಯೇ ಶುರು ಮಾಡಬೇಡ. ಡಾಕ್ಟರನ್ನು ಕಾಣಲು ಹೊತ್ತು ಗೊತ್ತುಮಾಡಿದ್ದೇನೆ. ಎಷ್ಟು ಮಾತ್ರೆ, ಎಷ್ಟು ದಿನ ಹಾಕಿದೆನೆಂದು ನಿನ್ನೆದುರಿಗೇ ಅವರಿಗೆ ಹೇಳಿ, ಔಷಧಿ ಮತ್ತೆ ಕೊಡಬಹುದೇ ಎಂದು ಕೇಳುತ್ತೇನೆ. ನನ್ನ ಜೊತೆ ಮಾತಾಡದಿದ್ದರೂ ಸರಿ, ಅವಳನ್ನು ಕರೆದುಕೊಂಡು ಬಾ. ಗುರುವಾರ, ಬೆಳಗ್ಗೆ ಹತ್ತೂವರೆಗೆ.