ನೇರಳೆ ಬಣ್ಣದ ಸೀಸೆ

ಮಂಗಳವಾರ, ೧೨ನೇ ತಾರೀಖು

ಪ್ರೀತಿಯ ಪುಟ್ಟಿಗೆ,

ನಾನು ಕ್ಷೇಮ, ಅಮ್ಮನೂ ಕ್ಷೇಮ. ಅಮ್ಮನ ಸೊಂಟ ಮಾತ್ರ ಎಂದಿನಂತೆ ತಕರಾರು ಮಾಡುತ್ತಿದೆ. ನಿನ್ನ ಪತ್ರ ಬಂದು ಐದು ದಿನವಾಯಿತು. ತಡವಾಯಿತೆಂದು ಬೈಯಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಫೋನು ಮಾಡೋಣವೆಂದರೆ, ಫೋನಿನಲ್ಲಿ ನನ್ನ ಬಾಯಿಂದ ಹೂಂ, ಹೂಂ ಬಿಟ್ಟು ಬೇರೇನೂ ಬರುವುದಿಲ್ಲವೆಂದು ನಿನಗೇ ಗೊತ್ತು. ಈಗ ಅಂಗಡಿಯಲ್ಲಿ ಊಟದ ಬಿಡುವು. ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಟೈಲರ್ ಮಾಸ್ತರು ಇಣುಕಿ ನೋಡಿ, "ಏನಮ್ಮಾ, ಕಾಜಾ ಹೊಲಿಯೋದು ಬಿಟ್ಟು ಕಾದಂಬರಿ ಶುರು ಮಾಡ್ದೆಯಾ?" ಎಂದರು. ತಂಗಿಗೆ ಎಂದೆ. "ಹಾಗಾದ್ರೆ ನನ್ನ ಭುಜದ ನೋವಿನ ವಿಷಯಾನೂ ನರ್ಸಮ್ಮಂಗೆ ಒಂದು ಸಾಲು ಹಾಕು" ಎಂದರು. ಹಾಕಿದ್ದೇನೆ.

ನಿನ್ನ ಪತ್ರವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಲಿಲ್ಲ. ವಾರ್ಡಿನಲ್ಲಿ ಒಂಬತ್ತನೇ ಹಾಸಿಗೆಯ ನಂಬರಿನ ತಗಡು ಮೊಳೆ ಕಳಚಿ ತಲೆಕೆಳಗಾಗಿ ನೇತಾಡುತ್ತಿತ್ತು, ನೀನು ಅದನ್ನು ಆರು ಎಂದುಕೊಂಡು ಆರನೆಯವರ ಮಾತ್ರೆಯನ್ನು ಆ ಅಜ್ಜನ ಕೈಗೆ ಕೊಟ್ಟೆ, ಅವರೇ "ಇದು ನಂದಲ್ಲ ಕಣಮ್ಮಾ, ನಂದು ಬಿಳೀದು" ಎಂದು ವಾಪಸು ಕೊಟ್ಟರು. ಇಷ್ಟನ್ನೇ ಹೇಳಿದೆ. ಅಮ್ಮ, "ಅಜ್ಜ ನುಂಗಲಿಲ್ಲ ತಾನೆ? ಸದ್ಯ" ಎಂದಳು. ಹಿರಿಯ ಸಿಸ್ಟರ್ ಎಲ್ಲರ ಎದುರು ಬೈದದ್ದು, ಹಾಸ್ಟೆಲಿನ ಹುಡುಗಿಯರು ನಿನ್ನನ್ನು 'ಆರೊಂಬತ್ತು' ಎಂದು ಕರೆಯುತ್ತಿರುವುದು, ೧೬ನೇ ತಾರೀಖು ಶನಿವಾರ ಪೆಟ್ಟಿಗೆ ಸಮೇತ ಮನೆಗೆ ಬಂದುಬಿಡುತ್ತೇನೆ ಎಂದು ನೀನು ಬರೆದಿರುವುದು, ಇವು ನನ್ನಲ್ಲೇ ಇವೆ.

ಸಿಸ್ಟರ್ ಬೈದದ್ದು ಸರಿ. ಹೆಸರು ಕೇಳದೆ ಯಾರಿಗೂ ಮಾತ್ರೆ ಕೊಡಬಾರದೆಂದು ಹೋದ ರಜೆಯಲ್ಲಿ ನೀನೇ ನನಗೆ ಪಾಠ ಮಾಡಿದ್ದೆ. ಆದರೆ "ಇದು ನನ್ನ ಕೈಲಾಗೋ ಕೆಲಸ ಅಲ್ಲ ಅಕ್ಕಾ" ಎಂದಿದ್ದೀಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಮ್ಮ ಶಾಲೆಯ ಕೊನೆಯ ಕೋಣೆ ನೆನಪಿದೆಯಾ? ಕಾಲು ಮುರಿದ ಬೆಂಚು, ಗೋಡೆಗೆ ಔಷಧಿಯ ತಗಡಿನ ಪೆಟ್ಟಿಗೆ. ಐದನೇ ತರಗತಿಯ ಒಬ್ಬರು ಆ ಪೆಟ್ಟಿಗೆ ನೋಡಿಕೊಳ್ಳಬೇಕೆಂದು ಟೀಚರ್ ನಿಯಮ ಮಾಡಿದ್ದರು. ಆ ವರ್ಷ ನಾನು. ನೀನಿನ್ನೂ ಒಂದನೇ ತರಗತಿ. ಬಯಲಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಊರಿಗೆಲ್ಲ ಕೇಳುವಂತೆ ಅಳುತ್ತ ಬಂದೆ. ನಾನು ತೊಳೆದು, ಗಾಯದ ನೇರಳೆ ಔಷಧಿ ಹಚ್ಚಿ, ಬಟ್ಟೆ ಕಟ್ಟಿದೆ. ಉರಿಯುತ್ತಾ ಎಂದು ಕೇಳಿದರೆ ಕಣ್ಣರಳಿಸಿ, "ಒಂಚೂರೂ ಉರೀಲಿಲ್ಲ ಅಕ್ಕಾ!" ಎಂದೆ. ಆಮೇಲೆ ಕುಂಟುತ್ತ ಎಲ್ಲ ತರಗತಿಯ ಬಾಗಿಲಿಗೂ ಹೋಗಿ, "ನಮ್ಮಕ್ಕ ಹಚ್ಚಿದ್ರೆ ಉರಿಯೋದೇ ಇಲ್ಲ" ಎಂದು ಸಾರಿ ಬಂದೆ. ಒಂದು ತಿಂಗಳಾದರೂ ಆ ಬಣ್ಣ ಹೋಗಲಿಲ್ಲ.

ಅಲ್ಲಿಂದ ನಿನಗೆ ಬ್ಯಾಂಡೇಜಿನ ಹುಚ್ಚು ಹಿಡಿಯಿತು. ಪಕ್ಕದ ಮನೆಯ ಬೆಕ್ಕು ನಿನ್ನನ್ನು ಕಂಡರೆ ಮಾಡು ಹತ್ತುತ್ತಿತ್ತು. ನೀನು ಐದನೇ ತರಗತಿಗೆ ಬಂದಾಗ ಪೆಟ್ಟಿಗೆ ನಿನ್ನ ಕೈಗೆ ಬಂತು. ಒಬ್ಬ ಹುಡುಗಿ ತರಗತಿಯಲ್ಲೇ ವಾಂತಿ ಮಾಡಿಕೊಂಡಾಗ ಎಲ್ಲರೂ ಮೂಗು ಮುಚ್ಚಿ ಓಡಿದರೆ, ನೀನೊಬ್ಬಳು ಅವಳ ಜಡೆ ಹಿಡಿದುಕೊಂಡು ಕೂತಿದ್ದೆಯಂತೆ. ಅಂದು ಸಂಜೆ ಟೀಚರ್ ಮನೆಗೇ ಬಂದು ಅಮ್ಮನಿಗೆ, "ಈ ಮಗೂನ ಮಾತ್ರ ಓದಿಸೋದು ನಿಲ್ಲಿಸ್ಬೇಡಿ" ಎಂದರು. ನಾನು ಒಳಗೆ ಪಾತ್ರೆ ತೊಳೆಯುತ್ತ ಕೇಳಿಸಿಕೊಂಡೆ. ನರ್ಸಿಂಗ್ ಶಾಲೆಯ ಸಂದರ್ಶನದಲ್ಲೂ ನೀನು ಆ ಮೊಣಕಾಲಿನ ಕಥೆಯನ್ನೇ ಹೇಳಿದೆಯಲ್ಲ. ಅವರು ನಕ್ಕು ಸೀಟು ಕೊಟ್ಟರು.

ಜಡೆ ಹಿಡಿದ ಕೈ ಮಾತ್ರೆಯ ಬಟ್ಟಲನ್ನೂ ಹಿಡಿಯಲು ಕಲಿಯುತ್ತದೆ. ಈ ಪತ್ರ ಸಿಕ್ಕ ಮರುದಿನವೇ ಅದೇ ವಾರ್ಡಿಗೆ ಹೋಗು. ಮೊದಲು ಆ ಮೊಳೆ ಹೊಡೆಸು. ಊಟ ಬಿಡಬೇಡ. ನಿನಗೆ ಒಳ್ಳೆಯದಾಗಲಿ, ನಿನ್ನ ಕೈಯಿಂದ ನಾಲ್ಕು ಜನಕ್ಕೆ ನೋವು ಕಡಿಮೆಯಾಗಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಎರಡು ಸಲ ಹರಿದದ್ದೂ ಇದಕ್ಕೇ.

ಅವತ್ತು ನಿನ್ನ ಮೊಣಕಾಲಿಗೆ ಹಚ್ಚಿದ್ದು ಔಷಧಿಯಲ್ಲ. ಹೆಡ್‌ಮಾಸ್ತರು ಶಾಲೆಯ ಸೀಲಿನ ಶಾಯಿಯನ್ನು ಖಾಲಿ ಔಷಧಿ ಸೀಸೆಗೆ ತುಂಬಿ ಪೆಟ್ಟಿಗೆಯ ಮೇಲೆ ಇಟ್ಟಿದ್ದರು. ಬಣ್ಣ ಒಂದೇ. ಮೂಸಿದ್ದರೆ ತಿಳಿಯುತ್ತಿತ್ತು, ನಾನು ಮೂಸಲಿಲ್ಲ. ಉರಿಯದೆ ಇದ್ದದ್ದು ಅದಕ್ಕೇ. ಮರುದಿನ ನಿನಗೆ ಜ್ವರ. ಶಾಲೆಯಲ್ಲಿ ಟೀಚರ್ ಸೀಸೆ ಹಿಡಿದು, "ಏನೇ, ತಂಗಿಗೇ ಸೀಲು ಹೊಡೆದ್ಯಾ?" ಎಂದು ಎಲ್ಲರ ಎದುರು ಕೇಳಿದರು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಆಮೇಲೆ ನಾನು 'ಸೀಲು ಡಾಕ್ಟ್ರು'. ನಿನ್ನ ಜ್ವರ ನನ್ನಿಂದಲೇ ಬಂತೆಂದು ಹೆದರಿದ್ದೆ. ಆ ವಾರ ಬೀದಿಯ ಮಕ್ಕಳಿಗೆಲ್ಲ ಜ್ವರವಿತ್ತು ಎಂಬುದು ಎಷ್ಟೋ ವರ್ಷದ ಮೇಲೆ ಅಮ್ಮ ಮಾತಿಗೆ ಹೇಳಿದಾಗ ತಿಳಿಯಿತು.

ಅಂದು ಸಂಜೆ ಅಮ್ಮನಿಗೆ, "ಪುಟ್ಟೀನ ನಾನು ನೋಡ್ಕೋತೀನಿ, ನೀನು ಕೆಲಸಕ್ಕೆ ಹೋಗಮ್ಮಾ" ಎಂದೆ. ಮೂರು ದಿನಕ್ಕೆ ನಿನ್ನ ಜ್ವರ ಬಿಟ್ಟಿತು. ನಾಲ್ಕನೇ ದಿನ ನಾನು ಶಾಲೆಗೆ ಹೋಗಲಿಲ್ಲ. ಐದನೇ ದಿನವೂ ಇಲ್ಲ. ಅಮ್ಮನಿಗೆ ಮನೆಯಲ್ಲಿ ಒಬ್ಬರು ಇದ್ದರೆ ಅನುಕೂಲವೇ ಆಗಿತ್ತು, ಯಾರೂ ಕೇಳಲಿಲ್ಲ. ನಮ್ಮಕ್ಕ ನನಗೋಸ್ಕರ ಓದು ಬಿಟ್ಟಳು ಎಂದು ನೀನು ಎಲ್ಲರಿಗೂ ಹೇಳುತ್ತೀಯ. ಕೇಳಲು ಚೆನ್ನಾಗಿತ್ತು, ಅದಕ್ಕೇ ಸುಮ್ಮನಿದ್ದೆ. ನಿನಗೋಸ್ಕರ ಅಲ್ಲ ಪುಟ್ಟಿ. ಅವರು ನಗುತ್ತಾರೆಂದು ಬಿಟ್ಟೆ.

ಶನಿವಾರ ನಾನು ಬಸ್ ನಿಲ್ದಾಣಕ್ಕೆ ಬರುವುದಿಲ್ಲ. ಒಂಬತ್ತನೇ ಹಾಸಿಗೆಯ ಅಜ್ಜನ ಹೆಸರೇನು? ಕೇಳಿಕೊಂಡು ಬರೆ.